ಗುಳ್ಳದ ಬೀಜ ಮತ್ತು ಮಗನ ನಗು

‘ಟೊಮೆಟೊಗೆ ಮೀನಿನ ಜೀನ್, ಬದನೆಗೆ ಬ್ಯಾಕ್ಟೀರಿಯಾದ ಜೀನ್ ಹಾಕುತ್ತಾರಂತೆ. ನೈವೇದ್ಯಕ್ಕೆ ಆದೀತೇ? ತಿಂದರೆ ಕಾಯಿಲೆ ಬಂದೀತೇ? ಉಡುಪಿಯಲ್ಲಿ ಬಿಟಿ ಬದನೆ ಬೇಡವೆಂದದ್ದು ಬರೀ ಮಡಿ ಎಂದು ಮಗ ನಗುತ್ತಾನೆ’ ಎಂದು ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ.

ಮೊದಲು ಮೀನಿನದು ಮುಗಿಸಿಬಿಡೋಣ. ಚಳಿಗೆ ಗಿಡ ಕೆಡದಿರಲೆಂದು ಅಮೆರಿಕದಲ್ಲಿ ಅಂಥ ಪ್ರಯೋಗ ನಡೆದದ್ದು ನಿಜ, ಆದರೆ ಆ ಟೊಮೆಟೊ ಅಂಗಡಿಗೆ ಬರಲೇ ಇಲ್ಲ. ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ಅಡುಗೆಮನೆಗೆ ಬಿಟ್ಟುಕೊಳ್ಳಬೇಡಿ, ಅಮ್ಮಾ.

ಬದನೆಯ ಕತೆ ಬೇರೆ. ಬಿಟಿ ಎಂದರೆ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ, ಅದರ ಜೀನ್ ಸೇರಿಸಿದ್ದೇ ಬಿಟಿ ಬದನೆ. ಬದನೆಯನ್ನು ಕಾಡುವ ಕಾಯಿಕೊರಕ ಹುಳುವಿನ ಮರಿ ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಕುಡಿಯನ್ನೋ ಕಾಯನ್ನೋ ಹೊಕ್ಕು, ತೂತಿಗೆ ತನ್ನ ಹಿಕ್ಕೆಯನ್ನೇ ಬಿರಡೆ ಹಾಕುತ್ತದೆ. ಆಮೇಲೆ ಎಷ್ಟು ಔಷಧಿ ಹೊಡೆದರೂ ಒಳಗೆ ತಲುಪದು. ಬಿಟಿ ಗಿಡದ ಕ್ರೈ1ಎಸಿ ಪ್ರೋಟೀನು ಹುಳುವಿನ ಕ್ಷಾರೀಯ ಕರುಳಿನಲ್ಲಿ ಕರಗಿ, ಅಲ್ಲಿನ ಗ್ರಾಹಕಗಳಿಗೆ ಅಂಟಿ, ಕರುಳನ್ನೇ ತೂತು ಮಾಡುತ್ತದೆ. ನಮ್ಮ ಹೊಟ್ಟೆ ಆಮ್ಲೀಯ, ಆ ಗ್ರಾಹಕಗಳೂ ನಮಗಿಲ್ಲ. ವಿಷದಲ್ಲಿ ಮಿಂದ ಬದನೆಗಿಂತ ಇದು ವಾಸಿ ಎನ್ನುವ ವಿಜ್ಞಾನಿಗಳ ಮಾತಿನಲ್ಲಿ ಹುರುಳಿದೆ. ಇಲಿಗೆ 90 ದಿನ ತಿನ್ನಿಸಿ ನೋಡಿದರೆ ಸಾಕೇ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಆದರೆ ಮಗನ ನಗು? ಒಪ್ಪಲಾರೆವು. ಉಡುಪಿ ಬಳಿಯ ಮಟ್ಟು ಊರಿನವರಿಗೆ ಗುಳ್ಳದ, ಅಂದರೆ ಅಲ್ಲಿನ ದುಂಡು ಬದನೆಯ, ಬೀಜ ಯತಿ ವಾದಿರಾಜರ ಪ್ರಸಾದ. ಕಾಯಿ ಕೃಷ್ಣಮಠಕ್ಕೆ ಹೋಗುತ್ತದೆ. ಬೀಜ ಎತ್ತುವುದೂ ಒಂದು ಕಸುಬು. ರೋಗವಿಲ್ಲದ ಗಿಡದಲ್ಲಿ ಒಳ್ಳೆಯ ಕಾಯನ್ನು ಕೀಳದೆ ಹಳದಿಗೆ ತಿರುಗುವವರೆಗೆ ಬಿಡಬೇಕು. ತಿರುಳು ಹಿಸುಕಿ ನೀರಿಗೆ ಹಾಕಿ, ತೇಲಿದ ಜೊಳ್ಳು ಚೆಲ್ಲಿ, ಮುಳುಗಿದ್ದನ್ನು ನೆರಳಲ್ಲಿ ಒಣಗಿಸಬೇಕು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಮಹಿಕೊ ಬೀಜ ಕಂಪನಿಯ ಬಿಟಿ ಜೀನ್ ಸೇರಿಸಲು ಆರಿಸಿಕೊಂಡ ತಳಿಗಳಲ್ಲಿ ಉಡುಪಿ ಗುಳ್ಳವೂ ಇತ್ತು. ಜೀವವೈವಿಧ್ಯ ಕಾಯ್ದೆಯ ಅನುಮತಿ ಪಡೆಯದೆ ನಾಡತಳಿ ಬಳಸಿದರೆಂಬ ದೂರು ಕೋರ್ಟಿನವರೆಗೆ ಹೋಯಿತು. ಬದನೆ ಹೂವಿನ ಪರಾಗವನ್ನು ಜೇನು ಹೊತ್ತೊಯ್ಯುತ್ತದೆ. ಮೂಲಬೀಜ ಬೆಳೆಯುವವರು ಎರಡು ತಳಿಗಳ ನಡುವೆ 200 ಮೀಟರ್ ಬಿಡಬೇಕು. ತುಂಡು ಗದ್ದೆಗಳ ಊರಲ್ಲಿ ಅಷ್ಟು ದೂರ ಎಲ್ಲಿಂದ ತರುವುದು? ನೆರೆಯವರು ಬಿಟಿ ಹಾಕಿದರೆ ಇವರ ಪ್ರಸಾದದ ಬೀಜವೂ ಕೆಟ್ಟಿತು. ಇದನ್ನು ಮಡಿ ಎಂದು ನಗುವವರು ಒಮ್ಮೆ ಬೀಜ ಎತ್ತಿ ನೋಡಲಿ.

ಬಿಟಿ ಬದನೆಗೆ 2009ರ ಅಕ್ಟೋಬರ್‌ನಲ್ಲಿ ಸಿಕ್ಕ ಒಪ್ಪಿಗೆಯನ್ನು 2010ರ ಫೆಬ್ರುವರಿ 9ರಂದು ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ತಡೆಹಿಡಿದರು. ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಅದು ಕಾನೂನುಬದ್ಧವಾಗಿ ಮಾರುಕಟ್ಟೆಗೆ ಬಂದಿಲ್ಲ, 2019ರಲ್ಲಿ ಹರಿಯಾಣದಲ್ಲಿ ಕದ್ದು ಬೆಳೆದದ್ದು ಸಿಕ್ಕಿತ್ತು. ಹಾಗಾಗಿ ನಿಮ್ಮ ಗುಳ್ಳದ ಹುಳಿ ಸದ್ಯ ನಿಶ್ಚಿಂತೆಯಿಂದ ನೈವೇದ್ಯಕ್ಕಾಗುತ್ತದೆ. ಹಿತ್ತಲಲ್ಲಿ ಬೆಳೆಯುವಿರಾದರೆ ಬಾಡಿದ ಕುಡಿಗಳನ್ನು ವಾರಕ್ಕೊಮ್ಮೆ ಹುಳು ಇರುವಷ್ಟೂ ಕೆಳಗೆ ಚಿವುಟಿ ಸುಟ್ಟುಬಿಡಿ. ಗಿಡದ ಬುಡಕ್ಕೆ ಎಸೆದರೆ ಹುಳು ಅಲ್ಲೇ ಕೋಶ ಕಟ್ಟಿ ಮತ್ತೆ ಪತಂಗವಾಗುತ್ತದೆ.

ನಮಗೆ ಸಿಟ್ಟು ಬರುವುದು ಬೇರೆ ಕಡೆ. 2002ರಿಂದ ಬಿಟಿ ಹತ್ತಿ ಬಂದಿದೆ, ಈಗ ದೇಶದ ಹತ್ತಿಯೆಲ್ಲ ಹೆಚ್ಚುಕಡಿಮೆ ಅದೇ. ಅದರ ಕಾಳಿನ ಹಿಂಡಿ ಹಸುವಿಗೆ, ಎಣ್ಣೆ ಕರಿದ ತಿಂಡಿಗೆ. ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನು ಉಳಿಯುವುದು ಇಲ್ಲವೆನ್ನುವಷ್ಟು ಕಡಿಮೆ, ಆರೋಗ್ಯಕ್ಕೆ ಹೆದರಬೇಡಿ. ಆದರೆ ಕೇಳಿದವರಿಗೆ ಹೇಳಬೇಕಲ್ಲ? ಡಬ್ಬದ ಹಿಂದೆ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ‘ಹತ್ತಿಬೀಜದ ಎಣ್ಣೆ’ ಎಂದಿರುತ್ತದೆ, ಯಾವ ಹತ್ತಿ ಎಂದಿರುವುದಿಲ್ಲ. ದೇವರಿಗೆ ಏರಿಸುವ ಗೆಜ್ಜೆವಸ್ತ್ರದ ಪೊಟ್ಟಣದ ಮೇಲಂತೂ ಅಷ್ಟೂ ಇಲ್ಲ.