‘ನೀವು ಬೈತೀರಲ್ಲ ಅಕ್ಕ’

ಪತ್ರ: ರಾಮನಗರದ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ, ಈಗ ಸೂಪರ್‌ವೈಸರ್. ಹೋದ ತಿಂಗಳು ನನ್ನ ಲೈನಿನಲ್ಲಿ ಬೇರೆ ಬಂಡಲಿನ ಕಾಲರ್ ಸೇರಿಹೋಗಿ ಶರ್ಟಿನ ಬಣ್ಣ ಹೊಂದಲಿಲ್ಲ. ಹೊಲಿಯುತ್ತಿದ್ದ ಹುಡುಗಿಗೆ ಮೊದಲೇ ಗೊತ್ತಾಗಿತ್ತು. ಯಾಕೆ ಹೇಳಲಿಲ್ಲ ಅಂದರೆ ‘ನೀವು ಬೈತೀರಲ್ಲ ಅಕ್ಕ’ ಅಂದಳು. ನನಗೂ ಮೇಲಿನವರ ಭಯ ಇದೆ. ಹೆದರಿಸದೆ ಟಾರ್ಗೆಟ್ ಮುಟ್ಟಿಸುವುದು ಹೇಗೆ?

ಉತ್ತರ: ಹೆಸರು ಬೇಡ ಎಂದಿದ್ದೀರಿ, ಹಾಕಿಲ್ಲ. ಆ ಹುಡುಗಿ ಕೊನೆಗಾದರೂ ನಿಮ್ಮ ಮುಖ ನೋಡಿ ನಿಜ ಹೇಳಿದಳಲ್ಲ, ಅದನ್ನು ಜೋಪಾನ ಮಾಡಿ.

ನಾನು ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಶ್ರದ್ಧಾಂಜಲಿಯಲ್ಲಿ ತೀರಿಹೋದವರ ಬದಲು ಅವರ ಮಗನ ಹೆಸರು ಬಿದ್ದಿತ್ತು. ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಪುಟ ಅಚ್ಚಿಗೆ ಹೋಗಿತ್ತು. ಓಡಿಹೋಗಿ ಹೇಳಿದ್ದರೆ ನಿಲ್ಲಿಸಬಹುದಿತ್ತು. ಮುಖ್ಯಸ್ಥರ ಕೂಗಾಟ ನೆನೆದು ಸುಮ್ಮನಾದೆ. ಬೆಳಗ್ಗೆ ಆ ಮಗ ಪತ್ರಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ಇನ್ನೂ ನೆನಪಿದೆ. ಹಾಗಾಗಿ ನಿಮ್ಮ ಲೈನಿನ ಹುಡುಗಿಯ ಸಂಕಟ ನನಗೆ ಅರ್ಥವಾಗುತ್ತದೆ.

ಬೈದರೆ ಎಲ್ಲರೂ ಹುಷಾರಾಗಿರುತ್ತಾರೆ ಅಂತ ನಾವು ನಂಬಿದ್ದೇವೆ. ಆದರೆ ಮಿಷನ್ ಮುಂದೆ ಕೂತವರು ಹೆದರಿದಾಗ ಮೊದಲು ಕಲಿಯುವುದು ತಪ್ಪನ್ನು ಮುಚ್ಚಿಡುವುದು. 20ನೇ ಪೀಸಿಗೆ ಹೇಳಿದ್ದರೆ 20 ಕಾಲರ್ ಬಿಚ್ಚಿದರೆ ಮುಗಿಯುತ್ತಿತ್ತು. ಫಿನಿಷಿಂಗ್‌ಗೆ ಹೋದ ಮೇಲೆ ಅದು ನೂರಾರು ಆಗುತ್ತದೆ, ಅಲ್ವಾ?

1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣಕ್ಕೆ ದಟ್ಟ ಮಂಜು ಕವಿದಿತ್ತು. ಕೆಎಲ್‌ಎಂ ವಿಮಾನ ಹಾರಲು ಓಡತೊಡಗಿದಾಗ ಅದರ ಫ್ಲೈಟ್ ಇಂಜಿನಿಯರ್‌ಗೆ ಅನುಮಾನ ಬಂತು. ಇನ್ನೊಂದು ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇ ಎಂದು ಕೇಳಿದರು. ತುಂಬ ಹಿರಿಯರಾದ ಕ್ಯಾಪ್ಟನ್ ಹೋಗಿದೆ ಎಂದರು. ಅಲ್ಲಿಗೆ ಮಾತು ನಿಂತಿತು. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಕಾರಣಗಳು ಬೇರೆಯೂ ಇದ್ದವು. ಆದರೆ ಆಮೇಲೆ ಪೈಲಟ್‌ಗಳ ತರಬೇತಿಯೇ ಬದಲಾಯಿತು: ಕಿರಿಯರು ಅನುಮಾನವನ್ನು ಗಟ್ಟಿಯಾಗಿ ಹೇಳಬೇಕು, ಹಿರಿಯರು ಕೇಳಿಸಿಕೊಳ್ಳಬೇಕು.

ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ ಲೈನಿನ ಪಕ್ಕ ಒಂದು ಹಗ್ಗ ಇರುತ್ತಿತ್ತು. ತಪ್ಪು ಕಂಡ ಯಾವ ಕೆಲಸಗಾರ ಬೇಕಾದರೂ ಅದನ್ನು ಎಳೆಯಬಹುದು. ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥ ಬರುತ್ತಾನೆ. ಸರಿಯಾಗದಿದ್ದರೆ ಲೈನ್ ನಿಲ್ಲುತ್ತದೆ. ಅಷ್ಟು ಟಾರ್ಗೆಟ್ ಇರುವ ಜಾಗದಲ್ಲೂ ನಿಲ್ಲಿಸುವ ಅಧಿಕಾರ ಕೊಟ್ಟರು. ನಿಮ್ಮ ಲೈನಿನಲ್ಲಿ ಹಗ್ಗ ಇಲ್ಲ, ನೀವಿದ್ದೀರಿ. ಯಾರಾದರೂ ‘ಅಕ್ಕ, ಇಲ್ಲಿ ತಪ್ಪಾಗಿದೆ’ ಅಂದಾಗ ನಿಮ್ಮ ಬಾಯಿಂದ ಬರುವ ಮೊದಲ ಮಾತನ್ನು ಉಳಿದವರೆಲ್ಲ ಕೇಳಿಸಿಕೊಳ್ಳುತ್ತಾರೆ. ‘ಹೇಳಿದ್ದು ಒಳ್ಳೇದಾಯ್ತು, ಎಷ್ಟು ಪೀಸಾಗಿದೆ, ನೋಡೋಣ’ ಅನ್ನಿ. ಯಾರು ಮಾಡಿದರು ಅನ್ನುವುದನ್ನು ಆಮೇಲೆ, ಪಕ್ಕಕ್ಕೆ ಕರೆದು ಕೇಳಿ.

ಇನ್ನು ನಿಮ್ಮ ಭಯ. ಟಾರ್ಗೆಟ್ಟೇ ಕೈಗೆ ಸಿಗದಷ್ಟಿದ್ದರೆ ನೀವೊಬ್ಬರು ಮೆತ್ತಗಾದರೆ ಸಾಲದು, ಅದು ಮೇಲಿನವರು ತಿದ್ದಬೇಕಾದ ತಪ್ಪು. ಗಂಟೆ ಮುಗಿಯುವ ಮೊದಲೇ ಯಾವ ಮಿಷನ್ ಕೆಟ್ಟಿದೆ, ಎಲ್ಲಿ ಕೆಲಸ ನಿಂತಿದೆ ಅಂತ ಬರೆದು ಇನ್‌ಚಾರ್ಜ್‌ಗೆ ತೋರಿಸಿ. ಮೇಲಿಂದ ಬಂದ ಬೈಗುಳವನ್ನು ಹಾಗೇ ಕೆಳಗೆ ದಾಟಿಸಬೇಡಿ.

ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಹೆಣ್ಣುಮಕ್ಕಳ ಭಯಕ್ಕೆ ಕೆಟ್ಟ ಮಾತು, ಮೈ ಮುಟ್ಟುವುದು ಕಾರಣವಾಗಿದ್ದರೆ ಅದನ್ನು ಸಮಾಧಾನದಿಂದ ಸರಿಮಾಡಲು ಹೋಗಬೇಡಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ 10 ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ 3 ತಿಂಗಳೊಳಗೆ ಆ ಸಮಿತಿಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಬರೆಯಲು ಕಷ್ಟವಾದವರ ಜೊತೆ ನೀವು ಕೂತುಕೊಳ್ಳಿ.

ನಾಳೆ ಆ ಹುಡುಗಿಯ ಮಿಷನ್ ಹತ್ತಿರ ಹೋಗಿ. ಬೈದದ್ದು ಎಲ್ಲರ ಎದುರು, ‘ನಂದೂ ತಪ್ಪಿತ್ತು’ ಅನ್ನುವುದನ್ನೂ ಎಲ್ಲರ ಎದುರೇ ಹೇಳಿ. ಕೆಲವು ದಿನ ಯಾರೂ ನಂಬದಿರಬಹುದು. ಯಾರಾದರೂ ತಾನಾಗಿಯೇ ತಪ್ಪಾದ ಪೀಸ್ ಹಿಡಿದು ನಿಮ್ಮ ಹತ್ತಿರ ಬಂದ ದಿನ ನನಗೊಂದು ಸಾಲು ಬರೆಯಿರಿ.

— ಸಂಪಾದಕ