ಪುಸ್ತಕದ ಸ್ವರ, ರೆಕಾರ್ಡಿನ ಸ್ವರ

ಪ್ರಶ್ನೆ: ಮೇಡಂ, ನಾವು ಡಬ್ಲಿನ್ನಿಗೆ ಬಂದು ಆರು ವರ್ಷ ಆಯ್ತು. ಮಗಳು ಫಿಡಲ್ ಕಲಿಯುತ್ತಿದ್ದಾಳೆ. ಅವಳ ಟೀಚರ್ ‘ಟಾರ್ಬೋಲ್ಟನ್’ ಎಂಬ ರೀಲ್ (ಐರಿಷ್ ಕುಣಿತದ ಒಂದು ಬಗೆಯ ಮಟ್ಟು) ಹೇಳಿಕೊಟ್ಟಿದ್ದಾರೆ. ಫಿಡಲ್‌ಗಾರ ಮೈಕಲ್ ಕೋಲ್ಮನ್ ಅವರ ಹಳೇ ರೆಕಾರ್ಡ್ ಕೇಳಿದೆವು, ಎರಡು ಕಡೆಯಿಂದ ನೊಟೇಷನ್ ಕೂಡ ತಂದೆವು. ಮೂರೂ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಸರಿಯಾದದ್ದು ಯಾವುದು? ಎಲ್ಲಿ ಹುಡುಕಬೇಕು?
— ಓದುಗರು, ಡಬ್ಲಿನ್

ಉತ್ತರ: ಮೂರೂ ಸರಿ ಇರಬಹುದು. ನೀವು ಯಾರ ನುಡಿಸಾಣಿಕೆ ಹುಡುಕುತ್ತಿದ್ದೀರಿ ಅನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ಕೋಲ್ಮನ್ ಹುಟ್ಟಿದ್ದು 1891ರಲ್ಲಿ, ಸ್ಲೈಗೋ ಕೌಂಟಿಯ ಕಿಲ್ಲಾವಿಲ್‌ನಲ್ಲಿ. ಆಮೇಲೆ ನ್ಯೂಯಾರ್ಕ್ ಸೇರಿದರು. ನೀವು ಕೇಳಿದ ರೆಕಾರ್ಡ್ ಅಲ್ಲಿ 1934ರಲ್ಲಿ ಆದದ್ದು. ಆ ಕಾಲದ ರೆಕಾರ್ಡಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದೇ ಮೂರು ನಿಮಿಷದಷ್ಟು. ಅಷ್ಟರಲ್ಲೇ ಟಾರ್ಬೋಲ್ಟನ್, ಲಾಂಗ್‌ಫರ್ಡ್ ಕಲೆಕ್ಟರ್, ಸೇಲರ್ಸ್ ಬಾನೆಟ್, ಮೂರು ರೀಲ್‌ಗಳೂ ಬರುತ್ತವೆ. ಇವತ್ತಿಗೂ ಈ ಮೂರನ್ನು ಅದೇ ಸಾಲಿನಲ್ಲಿ ನುಡಿಸುವವರು ಎಷ್ಟೋ ಜನ. ಹಾಗಾಗಿ ಒಂದು ಹೆಸರಿನ ಬದಲು ಮೂರು ಹೆಸರನ್ನೂ ಒಟ್ಟಿಗೆ ಇಟ್ಟು ಹುಡುಕಿ. ಈ ಮಟ್ಟುಗಳಲ್ಲಿ ಹೆಸರನ್ನು ನಂಬಿ ಕೂರುವ ಹಾಗಿಲ್ಲ. ಒಂದೇ ಮಟ್ಟಿಗೆ ಊರಿಗೊಂದು ಹೆಸರು, ಒಂದೇ ಹೆಸರಿಗೆ ಎರಡು ಮಟ್ಟು, ಎರಡೂ ಉಂಟು.

ಹೆಸರಿಗಿಂತ ಮೊದಲ ಸ್ವರಗಳು ಭದ್ರ. ಬ್ರೆಂಡಾನ್ ಬ್ರಾನಕ್ ಎಂಬ ಸಂಗ್ರಾಹಕರು ಇದನ್ನೇ ಮಾಡಿದರು. ಮಟ್ಟಿನ ಆರಂಭವನ್ನು ಅಂಕಿಗಳಲ್ಲಿ ಬರೆದು ಕಾರ್ಡುಗಳಲ್ಲಿ ಜೋಡಿಸಿಟ್ಟರು. ನಮಗೆ ಇದು ಹೊಸದೇನಲ್ಲ, ಸರಿಗಮ ಇದೆಯಲ್ಲ! ‘ಕೂಲೀಸ್’ ಎಂಬ ಇನ್ನೊಂದು ರೀಲ್ ನೋಡಿ. ಪಾಶ್ಚಾತ್ಯರ ‘ಇ’ ಸ್ವರವನ್ನು ಷಡ್ಜ ಅಂದುಕೊಂಡರೆ ಅದರ ಮೊದಲ ಬಾರು (ಬಾರ್, ಅಂದರೆ ತಾಳದ ಒಂದು ಅಳತೆ) ‘ಸಪಪಮ ಪ,ಸಪ’. ಆ ಮಟ್ಟಿನ ಸ್ವರಗಳು ನಮ್ಮ ಖರಹರಪ್ರಿಯದವೇ. ಮಗಳಿಗೆ ಸರಿಗಮ ಬಂದರೆ ಟಾರ್ಬೋಲ್ಟನ್ನಿನ ಮೊದಲ ಎರಡು ಬಾರನ್ನೂ ಹೀಗೇ ಬರೆಸಿ. ನೊಟೇಷನ್ ಸಿಕ್ಕಾಗಲೆಲ್ಲ ಅದರ ಪಕ್ಕ ಇಟ್ಟು ನೋಡಿ.

ಈಗ ಪುಸ್ತಕದ ಮಾತು. ಷಿಕಾಗೋ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ ಅವರ 1903ರ ಸಂಗ್ರಹದಲ್ಲಿ 1850 ಮಟ್ಟುಗಳಿವೆ, 1907ರದರಲ್ಲಿ 1001. ಬರವಣಿಗೆಗೆ ಅವರು ನೆಚ್ಚಿಕೊಂಡದ್ದು ಜೇಮ್ಸ್ ಓನೀಲ್ ಎಂಬ ಫಿಡಲ್‌ಗಾರರನ್ನು. ಫ್ರಾನ್ಸಿಸ್ ನುಡಿಸಿದ್ದನ್ನು, ಗುನುಗಿದ್ದನ್ನು ಜೇಮ್ಸ್ ಕೇಳಿ ಬರೆಯುತ್ತಿದ್ದರು. ಹಾಗೆ ಬರೆದದ್ದು ಹೆಚ್ಚಾಗಿ ಮಟ್ಟಿನ ಎಲುಬು ಮಾತ್ರ. ‘ರೋಲ್’ ಅನ್ನುವ ಅಲಂಕಾರ ಇದೆಯಲ್ಲ, ಸ್ವರ, ಮೇಲಿನದು, ಮತ್ತೆ ಸ್ವರ, ಕೆಳಗಿನದು, ಮತ್ತೆ ಸ್ವರ, ಐದೂ ಒಂದೇ ಸುಳಿಯಲ್ಲಿ ಸುತ್ತಿ ಬರುವುದು, ಅದನ್ನು ಬರೆಯಲು ಪುರುಸೊತ್ತು ಯಾರಿಗಿತ್ತು? 1963ರಿಂದ ಬಂದ ಬ್ರಾನಕ್ ಅವರ ‘ಕ್ಯೋಲ್ ರಿಂಕ ನ ಹೇರನ್’ ಸಂಪುಟಗಳು ಕಲಾವಿದರ ಕೈಗೆ ಇನ್ನಷ್ಟು ಹತ್ತಿರ ಇವೆ.

ನಾನು ಕೋಲ್ಮನ್ನರ ಒಂದು ರೀಲನ್ನು ಮೊದಲ ಸುತ್ತು ಮಾತ್ರ ಕೇಳಿ ಬರೆದುಕೊಂಡು, ಅದನ್ನೇ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೆ. ಒಂದು ದಿನ ಎರಡನೇ ಸುತ್ತನ್ನು ಅರ್ಧ ವೇಗದಲ್ಲಿ ಹಾಕಿದೆ. ಮೊದಲ ಸುತ್ತಿನಲ್ಲಿ ರೋಲ್ ಇದ್ದ ಜಾಗದಲ್ಲಿ ಬಿಲ್ಲಿನಿಂದ ಪಟಪಟ ಮೂರು ಏಟು! ನನ್ನ ಹಾಳೆಯಲ್ಲಿ ಅದು ಇರಲೇ ಇಲ್ಲ. ಅಂದಿನಿಂದ ಪ್ರತಿ ಸುತ್ತಿಗೂ ಬೇರೆ ಸಾಲು ಬರೆಯುತ್ತೇನೆ, ಒಂದರ ಕೆಳಗೊಂದು. ಆಗ ಯಾವುದು ಮಟ್ಟು, ಯಾವುದು ಕಲಾವಿದನ ಆ ಗಳಿಗೆಯ ಮನಸ್ಸು ಅಂತ ಕಣ್ಣಿಗೇ ಕಾಣುತ್ತದೆ. ನಿಮಗೂ ಇದನ್ನೇ ಹೇಳುತ್ತೇನೆ.

ಇನ್ನೊಂದು ವಿಷಯ. ಹಳೇ ರೆಕಾರ್ಡ್ ತಿರುಗಿದ ವೇಗ ಯಾವಾಗಲೂ ಕರಾರುವಾಕ್ಕಾಗಿ ಇರುತ್ತಿರಲಿಲ್ಲ. ಶ್ರುತಿ ಸ್ವಲ್ಪ ಮೇಲೆ ಕೆಳಗೆ ಕೇಳಿಸಿದರೆ ಮಗಳ ಕಿವಿಯ ತಪ್ಪಲ್ಲ. ಫೋನಿನ ಆ್ಯಪ್‌ನಲ್ಲಿ ಶ್ರುತಿ ಸರಿಮಾಡಿಕೊಂಡು ಆಮೇಲೆ ಬರೆಯಿರಿ. ಸುಮ್ನೆ ಫಿಡಲ್ಲಿನ ತಂತಿ ಎಳೆಯಬೇಡಿ.

ನೀವು ಡಬ್ಲಿನ್ನಲ್ಲೇ ಇರುವುದು ಎಷ್ಟು ಅನುಕೂಲ ಅಲ್ವಾ! ಮೆರಿಯನ್ ಸ್ಕ್ವೇರ್‌ನಲ್ಲಿ ಐರಿಷ್ ಟ್ರೆಡಿಷನಲ್ ಮ್ಯೂಸಿಕ್ ಆರ್ಕೈವ್ ಇದೆ. 1987ರಲ್ಲಿ ಶುರುವಾದದ್ದು. ರೆಕಾರ್ಡು, ಪುಸ್ತಕ, ಹಸ್ತಪ್ರತಿ ಎಲ್ಲಾ ಒಂದೇ ಸೂರಿನಡಿ. ಮಗಳನ್ನೂ ಕರೆದುಕೊಂಡು ಹೋಗಿ. ಕೈಯಲ್ಲಿ ಆ ಎರಡು ಬಾರಿನ ಚೀಟಿ ಇರಲಿ, ಮೂರು ಮಟ್ಟಿನ ಹೆಸರೂ ಇರಲಿ. ಮತ್ತೆ ಅವಳ ಟೀಚರ್‌ ಹತ್ತಿರ, ಇದನ್ನು ಯಾರಿಂದ ಕಲಿತಿರಿ ಅಂತ ಕೇಳಿ ಬರೆದುಕೊಳ್ಳಿ. ಟೀಚರ್ ಹೇಳಿಕೊಟ್ಟ ರೂಪದ ಜಾಡು ಅಲ್ಲಿಂದಲೇ ಸಿಗುವುದು.

ಮಗಳು ಬರೆದ ಹಾಳೆಯನ್ನು ನನಗೂ ಒಂದು ಪ್ರತಿ ಕಳಿಸಿ. ಕೂತು ನೋಡುತ್ತೇನೆ.