ಮೊಟ್ಟೆ ಬಿಟ್ಟರೆ ಮರೆವು ನಿಲ್ಲುತ್ತಾ? ಐರನ್ ಮಾತ್ರೆ ಎಷ್ಟು ದಿನ ಕೊಡಬಹುದು?

ಚಿಂತಾಮಣಿಯಲ್ಲಿರೋ ನಿಮ್ಮ ತಾಯಿಗೆ 62 ವರ್ಷ, ಈಚೆಗೆ ಮರೆವು. ಕೊಲೆಸ್ಟ್ರಾಲ್ ಮಿದುಳಿಗೆ ಕೆಟ್ಟದ್ದು ಅಂತ ಮೊಟ್ಟೆ ನಿಲ್ಲಿಸಿದ್ದೀರಿ, ರಕ್ತ ಕಮ್ಮಿ ಇರಬಹುದು ಅಂತ ಎರಡು ವರ್ಷದಿಂದ ಐರನ್ ಮಾತ್ರೆ ಕೊಡ್ತಿದ್ದೀರಿ. ನನ್ನ ಪ್ರಕಾರ ಹೆದರಬೇಕಾದ ಕಡೆ ಧೈರ್ಯ, ಧೈರ್ಯವಾಗಿರಬೇಕಾದ ಕಡೆ ಹೆದರಿಕೆ ಆಗಿದೆ.

ಮೈತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ 2. ಆದರೆ ಮೈಯಲ್ಲಿರೋ ಕೊಲೆಸ್ಟ್ರಾಲಿನಲ್ಲಿ ಹತ್ತಿರಹತ್ತಿರ ಕಾಲು ಭಾಗ ಅಲ್ಲೇ ಇದೆ, ಬಹುಪಾಲು ನರತಂತುಗಳಿಗೆ ಸುತ್ತಿರೋ ಮಯಲಿನ್ ಪೊರೆಯಲ್ಲಿ. ಅದನ್ನ ಮಿದುಳು ತಾನೇ ಮಾಡಿಕೊಳ್ಳುತ್ತೆ. ರಕ್ತದಲ್ಲಿರೋ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಅದು) ಅಲ್ಲಿನ ತಡೆಗೋಡೆ ದಾಟಲ್ಲ. ಹಾಗಾಗಿ ಒಂದು ಮೊಟ್ಟೆಯ ಹಳದಿಯಲ್ಲಿರೋ ಸುಮಾರು 185 ಮಿ.ಗ್ರಾಂ ಕೊಲೆಸ್ಟ್ರಾಲ್ ನೇರವಾಗಿ ನರಕೋಶಕ್ಕೆ ಹೋಗೋದಿಲ್ಲ. ಎಲ್‌ಡಿಎಲ್ ವರ್ಷಗಟ್ಟಲೆ ಏರಿದ್ದರೆ ರಕ್ತನಾಳ ಕೆಡುತ್ತೆ, ಆ ದಾರಿಯಲ್ಲಿ ಮಿದುಳಿಗೆ ಪೆಟ್ಟು ಬೀಳೋದು ನಿಜ. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಡಿಮೆನ್ಷಿಯಾಕ್ಕೆ (ಮರೆವಿನ ಕಾಯಿಲೆಗೆ) ದಾರಿ ಮಾಡೋ ಅಂಶಗಳ ಪಟ್ಟಿಗೆ ಅದನ್ನೂ ಸೇರಿಸಿತು. ಆದರೆ ಅದನ್ನ ಹೆಚ್ಚಾಗಿ ಏರಿಸೋದು ವನಸ್ಪತಿ, ಪಾಮ್ ಎಣ್ಣೆ, ಬೇಕರಿ ಪಫ್. ಮೊಟ್ಟೆ ಬಿಡಿಸಿದಾಗ ಅದರಲ್ಲಿದ್ದ ವಿಟಮಿನ್ ಬಿ12 ಕೂಡ ಹೋಯ್ತು. ಬಿ12 ಕೊರತೆಯೇ ಮರೆವು ತರುತ್ತೆ! ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ತಿದ್ದರೆ ಇನ್ನೂ ಗಮನ ಬೇಕು, ಅದೂ ಬಿ12 ಇಳಿಸಬಹುದು.

ಈಗ ಕಬ್ಬಿಣ. ಮಯಲಿನ್ ಸುತ್ತೋ ಕೋಶಕ್ಕೂ ನರಗಳ ನಡುವೆ ಸಂದೇಶ ಒಯ್ಯೋ ಡೋಪಮಿನ್ ತಯಾರಿಸೋ ಕಿಣ್ವಕ್ಕೂ ಅದು ಬೇಕೇಬೇಕು. ಕಮ್ಮಿಯಾದರೆ ಸುಸ್ತು, ಗಮನ ನಿಲ್ಲಲ್ಲ. ಕೋಶದೊಳಗೆ ಹೆಚ್ಚಾಗಿ ಉಳಿದರೆ ಪೊರೆಯ ಕೊಬ್ಬು ಹಳೇ ಕಡ್ಲೆಕಾಯಿ ಎಣ್ಣೆ ಕಮಟು ಹಿಡಿದ ಹಾಗೆ ಕೆಡುತ್ತೆ, ಕೋಶ ಸಾಯುತ್ತೆ. ಈ ಸಾವಿಗೆ 2012ರಲ್ಲಿ ಫೆರಾಪ್ಟೋಸಿಸ್ ಅಂತ ಹೆಸರಿಟ್ಟರು. ಸೊಪ್ಪು ಕಾಳಿನಿಂದ ಹೀಗಾಗುತ್ತೆ ಅಂತ ಹೆದರಬೇಡಿ, ಕರುಳು ಲೆಕ್ಕ ನೋಡಿಯೇ ಒಳಗೆ ಬಿಡುತ್ತೆ. ಆದರೆ ಒಳಗೆ ಸೇರಿದ ಕಬ್ಬಿಣವನ್ನ ಲೆಕ್ಕ ನೋಡಿ ಹೊರಹಾಕೋ ದಾರಿ ಮೈಗಿಲ್ಲ. ಅದಕ್ಕೇ ಪರೀಕ್ಷೆ ಇಲ್ಲದೆ ಎರಡು ವರ್ಷದ ಮಾತ್ರೆ ನನಗೆ ಸರಿ ಕಾಣಲ್ಲ.

ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಸಿಆರ್‌ಪಿ (ಉರಿಯೂತದ ಅಳತೆ), ಬಿ12, ಟಿಎಸ್‌ಎಚ್ (ಥೈರಾಯ್ಡ್) ಪರೀಕ್ಷೆ ಮಾಡಿಸಿ, ವರದಿ ಹಿಡಿದು ಫಿಸಿಶಿಯನ್ ನೋಡಿ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂ/ಡಿಎಲ್‌ಗಿಂತ ಕೆಳಗಿದ್ದರೆ ರಕ್ತಹೀನತೆ, ಫೆರಿಟಿನ್ 30 ಎನ್‌ಜಿ/ಎಂಎಲ್‌ಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಜ್ವರ, ಕೀಲುಬಾವು ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತೆ, ಸಿಆರ್‌ಪಿ ಕೇಳಿದ್ದು ಅದಕ್ಕೆ. ಮುಟ್ಟು ನಿಂತ ಮೇಲೂ ಕೊರತೆ ಇದೆ ಅಂದರೆ ರಕ್ತ ಎಲ್ಲೋ ಸೋರ್ತಿರಬಹುದು: ಮೂಲವ್ಯಾಧಿ, ಹುಣ್ಣು, ಕರುಳಿನ ಗಡ್ಡೆ. ಮಾತ್ರೆ ಕೊಟ್ಟು ಅದನ್ನ ಮುಚ್ಚಿಡಬಾರದು.

ಡಾಕ್ಟರ್ ಮುಂದುವರಿಸಿ ಅಂದರೆ ದಿನ ಬಿಟ್ಟು ದಿನ ಸಾಕಾ ಕೇಳಿ. ದಿನಾ ನುಂಗಿದರೆ ಕಬ್ಬಿಣವನ್ನ ಒಳಗೆ ಬಿಡದಂತೆ ತಡೆಯೋ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಏರಿ ಮರುದಿನದ್ದು ಕಮ್ಮಿ ಹೀರುತ್ತೆ. ಹಾಲು, ಕ್ಯಾಲ್ಸಿಯಂ ಮಾತ್ರೆ, ಟೀ ಎರಡು ಗಂಟೆ ದೂರ. ಥೈರಾಯ್ಡ್ ಮಾತ್ರೆ ಇದ್ದರೆ ನಾಲ್ಕು ಗಂಟೆ.

ಊಟ ನಮ್ಮ ಕಡೆಯದ್ದೇ ಸಾಕು. 100 ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿ.ಗ್ರಾಂ ಕಬ್ಬಿಣ, ಹುರುಳಿಯಲ್ಲಿ 8ರ ಮೇಲೆ. ಆದರೆ ಕಾಳಲ್ಲೇ ಇರೋ ಫೈಟೇಟ್ ಅನ್ನೋ ಅಂಶ ಅದರಲ್ಲಿ ಬಹಳಷ್ಟನ್ನ ಬಿಗಿದಿಟ್ಟಿರುತ್ತೆ, ಉಂಡ ಕೈ ತೊಳೆದ ತಕ್ಷಣ ಕುಡಿಯೋ ಟೀ ಉಳಿದದ್ದನ್ನೂ ಹಿಡಿಯುತ್ತೆ. ಹುರುಳಿ ಸಾರು ಒಲೆಯಿಂದ ಇಳಿಸಿ, ತಟ್ಟೆಗೆ ಬಡಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಕುದಿಯುವಾಗ ಹಿಂಡಿದರೆ ಕಬ್ಬಿಣ ಹೀರೋಕೆ ನೆರವಾಗೋ ವಿಟಮಿನ್ ಸಿ ಕೆಡುತ್ತೆ. ಇಲ್ಲ, ಊಟದ ಜೊತೆ ಒಂದು ಸೀಬೆಹಣ್ಣು. ರಾಗಿಯನ್ನ 12 ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೂವರೆ ದಿನ ಮೊಳಕೆ ಬರಿಸಿದರೆ ಫೈಟೇಟ್ ಇಳಿಯುತ್ತೆ. ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿಸಿ. ಆ ಹಿಟ್ಟು ಗಂಜಿಗಿರಲಿ, ಬರೀ ಅದರಲ್ಲೇ ತೊಳಸಿದರೆ ಮುದ್ದೆ ನೀರೊಡೆದು ಕೂರೋದೇ ಇಲ್ಲ.